ಚಿಕ್ಕಪ್ಪನ ಕೋಟು

ವಿದ್ಯಾರ್ಥಿನಿ ನಿಲಯ, ಮೂರನೇ ಮಹಡಿ
ಮೇ ೪, ಸೋಮವಾರ

ಪ್ರೀತಿಯ ಅಪ್ಪಾ,

ಆರೋಗ್ಯವಾಗಿದ್ದೀಯಾ? ಮೊಣಕಾಲು ನೋವು ಹೇಗಿದೆ? ಗಣಿ ಕ್ಯಾಂಪಿನ ಅಷ್ಟೂ ಜನರಿಗೆ ಬೇಯಿಸಿ ಹಾಕುವ ನೀನು ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ ಎಂದು ಅಮ್ಮ ಬೈಯುತ್ತಿದ್ದಳು. ನಾನು ಚೆನ್ನಾಗಿದ್ದೇನೆ. ಫೋನು ಮಾಡುವುದಿಲ್ಲ ಎಂದು ಮುನಿಸಿಕೊಳ್ಳಬೇಡ. ಬಾಯಿ ತಪ್ಪಿ 'ಅಪ್ಪಾ' ಎಂದುಬಿಟ್ಟರೆ ಪಕ್ಕದ ಮಂಚದ ಉದ್ದ ಕತ್ತಿನ ಗೆಳತಿಗೆ, ನಮ್ಮ ಜಿರಾಫೆಗೆ, ಕೇಳಿಸುತ್ತದೆ. ಅವಳ ಪಾಲಿಗೆ, ಈ ದೊಡ್ಡ ವಿಶ್ವವಿದ್ಯಾಲಯದ ಪಾಲಿಗೆ, ನೀನು ತೀರಿಕೊಂಡು ನಾಲ್ಕು ವರ್ಷವಾಯಿತು.

ಅವತ್ತು ಮೂವರೂ ಎಷ್ಟು ನಕ್ಕಿದ್ದೆವು! ನನಗೆ ಸೀಟು ಸಿಕ್ಕಿತ್ತು, ಫೀಸು ನೋಡಿ ಅಮ್ಮ ನೆಲದ ಮೇಲೆ ಕೂತುಬಿಟ್ಟಿದ್ದಳು. ಪೂರ್ತಿ ಖರ್ಚು ಕೊಡುವ ವಿದ್ಯಾರ್ಥಿವೇತನ ಇದ್ದದ್ದು ಒಂದೇ ಟ್ರಸ್ಟಿನದು, ಅದೂ ತಂದೆಯಿಲ್ಲದ ಮಕ್ಕಳಿಗೆ. "ಅಷ್ಟೇ ತಾನೇ? ನನ್ನ ಸಾಯಿಸಿಬಿಡಿ. ಬದುಕಿದ್ದು ನಾನೇನು ಕಡಿದು ಗುಡ್ಡೆ ಹಾಕಿದ್ದೀನಿ?" ಎಂದೆ ನೀನು. ಓಡಾಡಿ ನಿನ್ನ ಸಾವಿನ ಸರ್ಟಿಫಿಕೇಟು ಹೊಂದಿಸಿದವನೂ ನೀನೇ. ಅಂದಿನಿಂದ ನಿನ್ನ ಕಾಗದಗಳ ಕೊನೆಯಲ್ಲಿ 'ಇಂತಿ ನಿನ್ನ ಚಿಕ್ಕಪ್ಪ' ಎಂದೇ ಇರುತ್ತದೆ. ಇಂಥ ಚಿಕ್ಕಪ್ಪನನ್ನು ಪಡೆಯಲು ಪುಣ್ಯ ಮಾಡಿರಬೇಕು ಎನ್ನುತ್ತಾಳೆ ಜಿರಾಫೆ.

ಅವಳು ಕೆಟ್ಟವಳಲ್ಲ. ಹುಟ್ಟುಹಬ್ಬಕ್ಕೆ ಅವಳಪ್ಪ ಕಾರು ಕಳಿಸಿದರು. ಬಣ್ಣ ಸರಿಯಿಲ್ಲ ಎಂದು ಇವಳು ಅವರ ಫೋನೇ ಎತ್ತಲಿಲ್ಲ. "ಅಪ್ಪ ಅನ್ನೋರು ಬರೀ ತಲೆನೋವು ಕಣೇ" ಎಂದವಳು ತಕ್ಷಣ ನಾಲಿಗೆ ಕಚ್ಚಿಕೊಂಡು, ನನ್ನನ್ನು ತಬ್ಬಿ ಸಾರಿ ಕೇಳಿದಳು. ಪ್ರತಿವರ್ಷ ನಿನ್ನ 'ಆ ದಿನ' ನೆನಪಿಟ್ಟು ಹೂ ತರುವವಳೂ ಅವಳೇ. ಅವತ್ತು ನಾನು ಮಧ್ಯಾಹ್ನದ ಊಟಕ್ಕೆ ಹೋಗುವಂತಿಲ್ಲ. ಹೊಟ್ಟೆ ಚುರುಗುಟ್ಟುವಾಗ ನಿನ್ನನ್ನು ಮನಸಾರೆ ಬೈದುಕೊಳ್ಳುತ್ತೇನೆ.

ಕಳೆದ ವಾರ ಟ್ರಸ್ಟಿನ ಊಟವಿತ್ತು. ವೇತನ ಪಡೆಯುವ ಮಕ್ಕಳು ದಾನಿಗಳ ಜೊತೆ ಕೂತು, ಒಬ್ಬೊಬ್ಬರಾಗಿ ಎದ್ದು, ಸತ್ತ ಅಪ್ಪನ ಬಗ್ಗೆ ಮಾತಾಡಬೇಕು. ಮೊದಮೊದಲು ತೊದಲುತ್ತಿದ್ದೆ. ಈಗ ಎಲ್ಲಿ ಮಾತು ನಿಲ್ಲಿಸಿದರೆ ಯಾರು ಕರವಸ್ತ್ರ ತೆಗೆಯುತ್ತಾರೆ ಎಂಬುದೂ ಗೊತ್ತು. ಈ ಸಲ ಮಾತ್ರ, ಬಿಸಿ ಆರಲಿ ಎಂದು ನೀನು ನನ್ನ ತಟ್ಟೆಗೆ ಊದುತ್ತಿದ್ದದ್ದನ್ನು ಹೇಳುವಾಗ ನಿಜವಾಗಿ ಅತ್ತುಬಿಟ್ಟೆ. ನಿನ್ನನ್ನು ನೋಡಿಯೇ ಎರಡು ವರ್ಷವಾಯಿತಲ್ಲ. ಟ್ರಸ್ಟು ನಡೆಸುವ ಅಜ್ಜಿ ಕೈ ಹಿಡಿದುಕೊಂಡು, ಓದು ಮುಗಿದ ಮೇಲೆ ನಮ್ಮ ಕಂಪನಿಗೇ ಬಾ ಎಂದರು. ಜಿರಾಫೆಯಂಥವರಿಗೆ ಅವರಪ್ಪಂದಿರು ಕೆಲಸ ನೋಡಿಟ್ಟಿರುತ್ತಾರೆ, ನನಗೆ ಕೊಡಿಸಿದ್ದು ನೀನಿಲ್ಲದಿರುವುದು. ಅವರಲ್ಲಿ ದುಡಿಯುವಷ್ಟು ಕಾಲವೂ ನೀನು ಸತ್ತೇ ಇರಬೇಕಾಗುತ್ತದೆ. ಆದರೂ ಒಲ್ಲೆ ಎನ್ನಲು ನನಗೆ ಬಾಯಿ ಬರಲಿಲ್ಲ, ಅಪ್ಪಾ.

ನನಗೂ ಅಮ್ಮನಿಗೂ ಕಳಿಸಿದ ಫೋಟೋ ಸಿಕ್ಕಿತು. ಘಟಿಕೋತ್ಸವಕ್ಕೆ ಚಿಕ್ಕಪ್ಪನಾಗಿ ಬರಲು ಅದೆಷ್ಟು ತಯಾರಿ! ಅದಕ್ಕೆಂದೇ ನೀನು ಮನೆಗೂ ಬಾರದೆ ರಜೆ ಕೂಡಿಟ್ಟೆ, ಹೊಸ ಕೋಟು ಹೊಲಿಸಿದೆ. "ಹಿಂದಿನ ಸಾಲಲ್ಲಿ ಕೂತ್ಕೋತೀನಿ. ಚಪ್ಪಾಳೆ ಹೊಡೆಯೋಕೆ ಯಾರಪ್ಪಣೆ ಬೇಕು?" ಎಂದು ಬರೆದಿದ್ದೆ. ತೋಳು ಸ್ವಲ್ಪ ಉದ್ದವಾಗಿದೆ. ಆದರೂ ಮದುಮಗನ ಹಾಗೆ ಕಾಣುತ್ತೀಯ. ದಿನಾ ಒಂದು ಸಲವಾದರೂ ತೆಗೆದು ನೋಡುತ್ತೇನೆ.

ಹೊಗೆಗೆ ಕಣ್ಣು ಜೋಪಾನ. ಯಾರು ಏನೇ ಬರೆದುಕೊಂಡಿರಲಿ, ನೀನು ನೂರು ವರ್ಷ ಬಾಳಬೇಕು.

ನಿನ್ನ ಮುದ್ದಿನ
ಪುಟ್ಟಿ

ವಿ.ಸೂ.: ಅಂಚೆ ಡಬ್ಬ ತೆಗೆಯುವ ಹೊತ್ತಾಯಿತು. ಇಷ್ಟು ಹೊತ್ತೂ ಇದನ್ನು ಬರೆಯಲು ಕೈ ಬರಲಿಲ್ಲ. ನಿನ್ನ ಫೋಟೋ ಬೇಕೆಂದು ಟ್ರಸ್ಟಿನವರು ಮನೆಗೆ ಹೋಗಿದ್ದರಂತೆ. ಅಮ್ಮ ಕೋಟಿನದ್ದನ್ನೇ ಕೊಟ್ಟುಬಿಟ್ಟಿದ್ದಾಳೆ. "ನಾಲ್ಕು ಜನ ನೋಡೋದು, ಬನಿಯನ್ನಿನಲ್ಲಿರೋದನ್ನ ಹೇಗೆ ಕೊಡ್ಲಿ?" ಎನ್ನುತ್ತಾಳೆ. ಅದನ್ನು ಟ್ರಸ್ಟಿನ ಪುಸ್ತಿಕೆಯ ಮುಖಪುಟದಲ್ಲಿ ಕಪ್ಪು ಅಂಚು ಕಟ್ಟಿ ಅಚ್ಚು ಹಾಕಿಸಿದ್ದಾರೆ. ಘಟಿಕೋತ್ಸವದ ದಿನ ಸಭಾಂಗಣದ ಪ್ರತಿ ಕುರ್ಚಿಯ ಮೇಲೂ ಒಂದೊಂದು ಇಡುತ್ತಾರಂತೆ, ಹಿಂದಿನ ಸಾಲಿಗೂ. ರಜೆ ಹಾಕಬೇಡ. ಬರಬೇಡ ಅಪ್ಪಾ. ಹತ್ತೂವರೆಗೆ ನನ್ನ ಸರದಿ. ಸೌಟು ಕೆಳಗಿಟ್ಟು ಅಲ್ಲಿಂದಲೇ ಚಪ್ಪಾಳೆ ಹೊಡೆ.