ಹೆಸರು ಅಂಟಿಸಿದ ಬಾಟಲಿಗಳು

ಆದೋನಿ
ಸೋಮವಾರ, ೨೪ ಜೂನ್ ೨೦೨೪

ಅಖಿಲ ಕರ್ನೂಲು ಬೋರ್‌ನೀರಿನ ಸಾಮ್ರಾಜ್ಞಿ, ಸೈಟೇಶನ್ ಶಿರೋಮಣಿ, ನನ್ನ ಒಬ್ಬಳೇ ಅಕ್ಕ ನಾಗಜ್ಯೋತಿಯ ಪಾದಗಳಿಗೆ, ಹವಾಯಿ ಚಪ್ಪಲಿ ಸಮೇತ, ತಂಗಿ ಮೌನಿಕಾಳ ನಮಸ್ಕಾರಗಳು.

ನೀನು ಫೋನ್ ಎತ್ತುತ್ತಿಲ್ಲ. ವಾಟ್ಸಪ್ಪಿನಲ್ಲೂ ಬ್ಲಾಕ್ ಮಾಡಿದ್ದೀ. ಹಿಂದೊಮ್ಮೆ ನಿಮ್ಮ ಡೈರೆಕ್ಟರರ ದನಿಯಲ್ಲಿ ಫೋನ್ ಮಾಡಿ ನಿನ್ನನ್ನು ಅಳಿಸಿದವಳು ನಾನು. ನನ್ನನ್ನು ನಂಬದಿರುವುದು ನ್ಯಾಯವೇ. ಆದರೆ ತಮಾಷೆಗಾಗಿ ಅಂಚೆ ಕಚೇರಿಯ ಸಾಲಿನಲ್ಲಿ ನಿಲ್ಲುವವಳು ನಾನಲ್ಲ.

ಅಮ್ಮ ಆರೋಗ್ಯವಾಗಿದ್ದಾಳೆ. ಸೈಟೇಶನ್ ಎಂದರೇನೆಂದು ಕೇಳಿದಳು. ದೊಡ್ಡ ದೊಡ್ಡ ವಿದ್ವಾಂಸರು ತಮ್ಮ ಲೇಖನ ಬರೆಯುವಾಗ ನಿನ್ನ ಮಗಳ ಲೇಖನದ ಹೆಸರು ಹೇಳಿ ಮುಂದೆ ಹೋಗುತ್ತಾರೆ ಎಂದೆ. ಅಂದಿನಿಂದ ಹೂವಿನವಳಿಗೂ ಅದೇ ಸುದ್ದಿ: ನಮ್ಮ ಜ್ಯೋತಿಯ ಹೆಸರು ಅರವತ್ತು ಮಂದಿ ಹೇಳಿದ್ದಾರಂತೆ. ಮುಂದಿನ ಮಂಗಳವಾರ ಖಾಯಂ ಹುದ್ದೆಯ ಇಂಟರ್ವ್ಯೂನಲ್ಲಿ ನಿನ್ನ ಕೈ ಹಿಡಿಯುವುದು ಆ ಒಂದೇ ಲೇಖನ ಎಂಬುದು ನನಗೂ ಗೊತ್ತು. ಉಳಿದವುಗಳನ್ನು ನೀನೂ ನಾನೂ ಬಿಟ್ಟರೆ ಯಾರೂ ಓದಿಲ್ಲ.

ಈಗ ಕೇಳು. ಅವತ್ತು ಫೋನಿನಲ್ಲಿ ನೀನು ಅರ್ಧವೂ ಕೇಳಲಿಲ್ಲ.

ಹೋದ ವಾರ ಚಿಪ್ಪಗಿರಿಯ ಆಚೆ, ಗಂಗಕ್ಕತ್ತೆಯ ಹಳ್ಳಿಗೆ ಹೋಗಿದ್ದೆ. ಆ ಲೇಖನಕ್ಕಾಗಿ ನೀನು ನೀರು ಸಂಗ್ರಹಿಸಿದ ಅದೇ ಹಳ್ಳಿ. ಅತ್ತೆಯ ಮೊಮ್ಮಗಳು ಭುವನಾ ಈಗ ನೆಲದ ಮೇಲೆ ಕೂಡುವುದಿಲ್ಲ. ಮೊಣಕಾಲು ಬಾಗಿವೆ, ನಿಂತೇ ಉಣ್ಣುತ್ತಾಳೆ. ಹಲ್ಲಿನ ತುಂಬ ಕಂದು ಗೆರೆ. ಇಲ್ಲಿನ ನೀರಿನಲ್ಲಿ ಮೂಳೆ ಬಗ್ಗಿಸುವ ಫ್ಲೋರೈಡ್ ಇಲ್ಲವೆಂದು ಅಕ್ಕ ಬರೆದಿದ್ದಾಳಲ್ಲ ಎಂದು ನಾನು ಕೇಳಿದ್ದಕ್ಕೆ ಅತ್ತೆ ಹಿಗ್ಗಿ ಹೀರೆಕಾಯಿಯಾದಳು.

ಬೆಳಗಿನ ಮೊದಲ ಬೋರ್‌ನೀರು ತುಂಬಿಡಿ ಎಂದು ನೀನು ಸಂಜೆ ಮನೆಮನೆಗೆ ಬಾಟಲಿ ಕೊಟ್ಟು ಬಂದು ಮಲಗಿದೆಯಲ್ಲ, ಆಗ ಅತ್ತೆ ಓಣಿಯ ಹೆಂಗಸರನ್ನೆಲ್ಲ ಸೇರಿಸಿದ್ದಾಳೆ. ನೆಂಟರಿಗೆಂದು ಇಟ್ಟ ಫಿಲ್ಟರ್ ನೀರಿನ ಕ್ಯಾನನ್ನು ನಿನ್ನ ಬಾಟಲಿಗಳಿಗೆ ಬಗ್ಗಿಸಿದ್ದಾರೆ.

"ಬಾಟ್ಲಿ ಮ್ಯಾಲ ಮನಿ ಹೆಸರು ಅಂಟಿಸಿದ್ಲಲ್ಲವಾ ಜ್ಯೋತಿ. ನಮ್ಮ ಹೆಸರು ಹಚ್ಚಿ ಆ ಸವಳು ನೀರು ಕರ್ನೂಲಿಗೆ ಹೆಂಗ ಕಳಸೋದು? ನಾಕು ಮಂದಿ ನೋಡ್ತಾರ. ಆಕಿ ಮರ್ಯಾದಿನೂ ಉಳೀತು, ನಮ್ದೂ ಉಳೀತು," ಎಂದಳು ಅತ್ತೆ.

ನಾನು ನಕ್ಕೆ, ಅಕ್ಕಾ. ಅಭ್ಯಾಸ. ಭುವನಾ ಗೋಡೆ ಹಿಡಿದು ಒಳಗೆ ಹೋದಾಗ ನಗು ನಿಂತಿತು. ಅರವತ್ತು ವಿದ್ವಾಂಸರು ಕೊಂಡಾಡಿದ್ದು ಕ್ಯಾನಿನ ನೀರನ್ನು. ಆ ಊರಿನ ಮಕ್ಕಳು ಕುಡಿಯುವುದು ಬೋರಿನದು.

ನದಿ ನೀರಿನ ಪೈಪು ಯಾವ ಊರುಗಳಿಗೆ ಎಂದು ತೀರ್ಮಾನಿಸುವ ಸಭೆಗೆ ಅತ್ತೆಯ ಮಗ ರುದ್ರೇಶ ಹೋಗಿದ್ದ. ಅಲ್ಲಿನ ಸಾಹೇಬರು ನಿನ್ನ ಲೇಖನ ತೋರಿಸಿ, ನಿಮ್ಮಲ್ಲಿ ನೀಳ್ಳು ಬಾಗುನ್ನಾಯಿ ಕದಾ, ನೀರು ಚೆನ್ನಾಗೇ ಇದೆಯಲ್ಲ, ಮುಂದಿನ ಸಲ ನೋಡೋಣ ಎಂದು ಊರನ್ನೇ ಕೈಬಿಟ್ಟರಂತೆ. ಲೇಖನ ಬರೆದವರೇ ಅದು ತಪ್ಪೆಂದು ತಿಳಿಸಿದರೆ ಊರನ್ನು ಸೇರಿಸುತ್ತಾರಂತೆ. ಶುಕ್ರವಾರದವರೆಗೆ ಮಾತ್ರ ಸಮಯ. ಆಮೇಲೆ ಇನ್ನೆಷ್ಟು ವರ್ಷವೋ ಯಾರಿಗೂ ಗೊತ್ತಿಲ್ಲ.

ಇದರಲ್ಲಿ ಅರ್ಧ ಹೇಳುವಷ್ಟರಲ್ಲೇ ಫೋನಿನಲ್ಲಿ ನೀನು ಹೇಳಿದ್ದು, "ಇಂಟರ್ವ್ಯೂ ಮುಗೀಲಿ ಮೌನಿ, ಆಮ್ಯಾಲೆ ನೋಡೋಣು."

ಲೇಖನ ಹಿಂದಕ್ಕೆ ಪಡೆದರೆ ನಿನ್ನ ಹತ್ತಿರ ಏನೂ ಉಳಿಯುವುದಿಲ್ಲ, ಒಪ್ಪಿದೆ. ತಪ್ಪು ನಿನ್ನದಲ್ಲ, ಅದನ್ನೂ ಒಪ್ಪಿದೆ. ಇಂಟರ್ವ್ಯೂ ಕುರ್ಚಿಗಳಲ್ಲಿ ಕೂತವರು ಒಪ್ಪುವುದಿಲ್ಲ. ವರ್ಷ ವರ್ಷವೂ ಕಾಂಟ್ರಾಕ್ಟ್ ನವೀಕರಣಕ್ಕಾಗಿ ನೀನು ನಿಂತ ಬಾಗಿಲುಗಳು ನನಗೆ ಗೊತ್ತು. ನಿನಗೆ ಬದಲಿಗೆ ಕೊಡಲು ನನ್ನಲ್ಲಿ ಏನೂ ಇಲ್ಲ. ಇದ್ದಿದ್ದರೆ ಹೀಗೆ ಬೇಡುತ್ತಿರಲಿಲ್ಲ. ಎರಡು ಸಾಲು ಬರೆ ಅಕ್ಕಾ. ಜರ್ನಲ್ಲಿನವರಿಗೊಂದು, ಆ ಸಾಹೇಬರಿಗೊಂದು. ಬೈದುಕೊಂಡಾದರೂ ಬರೆ. ಜೀವಮಾನವೆಲ್ಲ ನನ್ನ ಮೇಲೆ ಸಿಟ್ಟಿಟ್ಟುಕೊ, ಆದರೆ ಶುಕ್ರವಾರದ ಒಳಗೆ ಬರೆ.

ಎಲ್ಲ ಬಿರುದು ಬಾವಲಿ ಕಳಚಿಟ್ಟ,
ನಿನ್ನ ಮೌನಿ

ಮರೆತಿದ್ದು: ಯುಗಾದಿಗೆ ಬಂದಾಗ ನನ್ನ ಫೋನಿನಲ್ಲಿ ನಿನ್ನ ಇಮೇಲ್ ತೆರೆದು, ಮುಚ್ಚದೇ ಹೋಗಿದ್ದೀ. ಎರಡೂ ಪತ್ರ ಅದರಲ್ಲೇ ನಿನ್ನ ಹೆಸರಿನಲ್ಲಿ ಬರೆದಿಟ್ಟಿದ್ದೇನೆ, ನಿನಗಿಂತ ಚೆನ್ನಾಗಿಯೇ ಬಂದಿವೆ. ಕಳಿಸಿಲ್ಲ. ಕಳಿಸುವುದಾದರೆ ನೀನೇ ಕಳಿಸಬೇಕು. ನನ್ನ ಮೇಲೆ ನಂಬಿಕೆ ಇಲ್ಲದಿದ್ದರೆ ಪಾಸ್‌ವರ್ಡ್ ಬದಲಿಸು. ದಿನವೂ ತೆರೆದು ನೋಡುತ್ತಿದ್ದೇನೆ. ಹಳೆಯ ಪಾಸ್‌ವರ್ಡಿಗೆ ಅದು ತೆರೆದುಕೊಳ್ಳದ ದಿನ, ಅದೇ ನಿನ್ನ ಉತ್ತರವೆಂದುಕೊಳ್ಳುತ್ತೇನೆ.