ಕಡವಿನ ಕೊಳಲು

ಅಕ್ಟೋಬರ್ 9, ಬುಧವಾರ

ಮತ್ತೆ ಟೆಲಿಫೋನ್ ಗಂಟೆ. ಕೊಳಲು ಬರಬೇಕಾದ ಕಡೆಯಲ್ಲೆಲ್ಲ ಟ್ರಿಣ್ ಟ್ರಿಣ್. ಮೂವತ್ತಮೂರು ವರ್ಷದ ಹಿಂದೆ ಇವರೇ ಕಟ್ಟಿದ ರಾಗ — ನಾವಿಬ್ಬರೂ ದುಡಿದ ಕಂಪನಿಯ ಕಂಪ್ಯೂಟರ್ ಗೇಮ್‌ನಲ್ಲಿ ನಾಯಕ ಹೊಳೆ ದಾಟುವ ಕಡವಿನದು.

"ರೀ, ಯಾರಾದ್ರೂ ಫೋನ್ ಎತ್ತಲಿ," ಅಂದೆ.

"ಎತ್ತಿ ಹೇಳು, ಕೊಳಲಿನೋರು ಮನೇಲಿಲ್ಲ ಅಂತ."

ಗೇಮ್ ಕಳಿಸುವುದು ಸ್ವರ, ವಾದ್ಯದ ನಂಬರ್, ಅಷ್ಟೆ. ದನಿ ಕೊಡುವುದು ಕಂಪ್ಯೂಟರ್‌ಗೆ ಜೋಡಿಸುವ ಮಿಡಿ ಪೆಟ್ಟಿಗೆ. ನಮ್ಮದು ಆಮೇಲೆ ಬಂದದ್ದು, ನಂಬರ್‌ಗಳೇ ಬೇರೆ; ಕೊಳಲಿನ ನಂಬರ್ ಇದರಲ್ಲಿ ಟೆಲಿಫೋನಿನದು. ಹಳೆಯದು ಬೇಕು. ಇಪ್ಪತ್ತೊಂದಕ್ಕೆ ಆಪರೇಷನ್. ಗೆಡ್ಡೆ ಇರುವುದು ಇವರಿಗೆ ಕೇಳಿಸುವ ಒಂದೇ ಕಿವಿಯ ಹಿಂದೆ. ಆಮೇಲೆ ಏನೂ ಕೇಳಿಸದು ಎಂದು ಡಾಕ್ಟರ್ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಅಷ್ಟರೊಳಗೆ ಒಂದು ಸಲ ಸರಿಯಾಗಿ ಕೇಳಬೇಕಂತೆ. ನನಗೂ ಹಟ ಹತ್ತಿದೆ.

ಅಕ್ಟೋಬರ್ 13, ಭಾನುವಾರ

ನಮ್ಮೂರು ಹಮಾಮಾತ್ಸುವಿನ ಹಳೆ ಸಾಮಾನಿನ ಅಂಗಡಿ ಒಂದನ್ನೂ ಬಿಡಲಿಲ್ಲ. ಕಾಲು ನೋವು. ಕೊನೆಗೆ ನಾಗೋಯಾದ ಇಸೊಬೆ-ಸಾನ್‌ಗೆ ಫೋನ್. ಆಗಿನ ನಮ್ಮ ಪ್ರೋಗ್ರಾಮರ್.

"ನನ್ನ ಬೀರುವಲ್ಲೇ ಇದೆ, ಕಿನುಕೊ-ಸಾನ್! ಎಸೀರಿ ಎಸೀರಿ ಅಂತ ಹೆಂಡ್ತಿ ಪ್ರಾಣ ತಿಂತಿದ್ಲು. ಕೊರಿಯರ್ ಮಾಡ್ತೀನಿ."

ಆ ತಾಯಿ ಗೆಲ್ಲದೇ ಹೋದದ್ದು ನಮ್ಮ ಪುಣ್ಯ.

ಅಕ್ಟೋಬರ್ 19, ಶನಿವಾರ

ಪೆಟ್ಟಿಗೆ ಬಂತು. ಟೆಲಿಫೋನ್ ಹೋಯಿತು. ಕೊಳಲು ಮಾತ್ರ ಬರಲಿಲ್ಲ — ಮಂಕು ಆರ್ಗನ್. ಪೆಟ್ಟಿಗೆಯಲ್ಲಿ ಇಲ್ಲದ ಆ ಕೊಳಲನ್ನು, ಊದುವವನ ಉಸಿರಿನ ಸಮೇತ, ಇವರೇ ಕೂತು ಮಾಡಿದ್ದರು. ಕೇಬಲ್ ಬದಲಿಸಿದೆವು. ಅದೇ ಆರ್ಗನ್. ಸುಟ್ಟ ಹಾವುಮೀನಿನ ಊಟ ತಂದಿದ್ದೆ, ಅರ್ಧಕ್ಕೇ ಬಿಟ್ಟರು. ಸಂಕಟವಾಯಿತು.

ಅಕ್ಟೋಬರ್ 20, ಬೆಳಿಗ್ಗೆ

ಇಸೊಬೆ-ಸಾನ್‌ಗೆ ಮತ್ತೆ ಫೋನ್.

"ಗೇಮ್ ಶುರುವಲ್ಲಿ ಬರೋ ಓಪನಿಂಗ್ ಚಿತ್ರ ಪೂರ್ತಿ ಓಡಿಸಿದ್ರಾ?"

"ಅದನ್ಯಾರು ನೋಡ್ತಾರೆ? ಸ್ಪೇಸ್ ಒತ್ತಿ ಮುಂದೆ ಹೋದೆ."

ಆ ಕಡೆ ಬಿದ್ದು ಬಿದ್ದು ನಗು. "ಗೇಮ್ ಆಡಿ ತಪ್ಪು ಹುಡುಕೋ ಟೆಸ್ಟರ್ ಬುದ್ಧಿ ಬಿಡಲ್ಲ ನೋಡಿ ನೀವು! ಓಪನಿಂಗಲ್ಲಿ ಆ ಚಂದ್ರ ಮೇಲೇರೋ ಹೊತ್ತಲ್ಲೇ ನಾವು ಮಾಡಿದ ವಾದ್ಯಗಳು ಪೆಟ್ಟಿಗೆಗೆ ಇಳಿಯೋದು."

"ಆಫೀಸಲ್ಲಿ ದಿನಾ ಹಾರಿಸ್ತಿದ್ದೆ, ಕೊಳಲು ಬರ್ತಿತ್ತಲ್ಲ?"

"ಬೆಳಿಗ್ಗೆ ನಾನೇ ಒಂದ್ಸಲ ಪೂರ್ತಿ ಓಡಿಸಿಡ್ತಿದ್ದೆ. ಸಂಜೆವರೆಗೂ ಪೆಟ್ಟಿಗೆ ಆಫ್ ಮಾಡ್ತಿರ್ಲಿಲ್ಲ."

ಒಮ್ಮೆ ಕಂಡ ಓಪನಿಂಗ್ ಹಾರಿಸುವುದೇ ಟೆಸ್ಟರ್ ಕೆಲಸ ಅಂದುಕೊಂಡಿದ್ದೆ. ನಾಚಿಕೆಯಾಯಿತು.

ಅದೇ ದಿನ, ಮಧ್ಯಾಹ್ನ

ಎಲ್ಲ ಆಫ್ ಮಾಡಿ ಆನ್ ಮಾಡಿದೆ. ಬೆರಳು ಸ್ಪೇಸ್ ಕಡೆಗೇ ಹೋಗುತ್ತಿತ್ತು. ಕೈ ತೊಡೆಯಡಿ ಇಟ್ಟು ಕೂತೆ. ಚಂದ್ರ ತೆವಳಿಕೊಂಡು ಏರಿದ. ಊರು, ಸಂತೆ… ಕಡವು.

ಬಂತು. ಮೊದಲು ಉಸಿರು, ಆಮೇಲೆ ಕೊಳಲು.

ಇವರು ಕಣ್ಣು ಮುಚ್ಚಿ ಕೇಳಿದರು. ಎರಡು ಸಲ. ಅತ್ತರು. ನಾನೂ ಅತ್ತೆ. ಮೂರನೆಯ ಸಲ ಶುರುವಾಗುವಾಗ ಇವರೇ ಎದ್ದು ಸ್ವಿಚ್ ಆರಿಸಿದರು.

"ಯಾಕ್ರೀ? ಇನ್ನೂ ಕೇಳಬಹುದಲ್ಲ?"

"ಸಾಕು. ಅದು ನೆನಪಲ್ಲಿರತ್ತೆ. ಈಗ ನೀನು ಮಾತಾಡು."

"ಏನಂತ?"

"ಬೈಯಿ. ದಿನಾ ಬೈತೀಯಲ್ಲ."

ಇಷ್ಟು ವರ್ಷ ಬೈದವಳಿಗೆ ಇವತ್ತು ಒಂದು ತಪ್ಪೂ ಸಿಗಲಿಲ್ಲ.

ಅಕ್ಟೋಬರ್ 21, ಸೋಮವಾರ. ಆಸ್ಪತ್ರೆ

ಒಳಗೆ ಕರೆದುಕೊಂಡು ಹೋದರು. ಬಾಗಿಲ ಹತ್ತಿರ ನರ್ಸ್ ಮಂಚ ತಡೆದು ನಿಲ್ಲಿಸಿದಳು, ಒಳ್ಳೆಯ ಹುಡುಗಿ. ಇವರು ಕಿವಿ ನನ್ನ ಕಡೆ ತಿರುಗಿಸಿ ಕಾದರು. ಬಗ್ಗಿ ಬೈಯತೊಡಗಿದೆ, "ರೀ, ಮದುವೆಯಾದಾಗಿಂದ ನೀವು ಒಂದು ದಿನನಾದ್ರೂ ನನ್ನ —"