ಫೋನಿನೊಳಗಿನ ಅಪ್ಪ

ಬಟವಾಡಿ, ರಾತ್ರಿ ಮೂರು ಗಂಟೆ

ರೀ,

ಫೋನ್ ರಿಂಗಾಯಿತು ಅನ್ನಿಸಿ ಎದ್ದೆ. ಹೈವೇಲಿ ಲಾರಿಯ ಹಾರ್ನ್ ಅಷ್ಟೆ. ನೀವು ಕಾಲ್ ಎತ್ತುತ್ತಿಲ್ಲ, ಅದಕ್ಕೇ ವಾಟ್ಸಾಪಿನಲ್ಲಿ ಇಷ್ಟುದ್ದ ಬರೆಯುತ್ತಿದ್ದೇನೆ.

ಒಂದು ವಾರದ ರಜೆಯಲ್ಲಿ ನಮ್ಮ ಜೊತೆ ಇದ್ದದ್ದು ಮೂರೇ ದಿನ. ಇಂಪನಾ ನಿಮ್ಮನ್ನು ನೋಡಿ ಚೀರಿದಳು, ನಿಜ. ಅವಳು ಹುಟ್ಟಿದಾಗಿನಿಂದ ನೀವು ಹಡಗಿನಲ್ಲೇ. ನೀವು ವಿಡಿಯೋ ಕಾಲ್ ಮಾಡಿದಾಗಲೆಲ್ಲ ಫೋನ್ ತೋರಿಸಿ "ಅಪ್ಪ" ಅಂತ ಕಲಿಸಿದೆ. ಮಗು ಫೋನನ್ನೇ ಅಪ್ಪ ಅಂದುಕೊಂಡಿದೆ, ಎದುರಿಗೆ ಬಂದ ನಿಮ್ಮನ್ನು ಗುರುತಿಸಲಿಲ್ಲ. ಅದಕ್ಕೆ ನೀವು, "ಯಾವನನ್ನ ಅಪ್ಪ ಅಂತ ಹೇಳ್ಕೊಟ್ಟಿದೀಯ?" ಅಂದ್ರಿ. ಅವರೆಕಾಯಿ ಸುಲಿಯುತ್ತಾ ಕೂತಿದ್ದ ನಿಮ್ಮಮ್ಮ, "ನಡಿ ಮಗಾ, ನಮ್ಮೂರು ಕುಣಿಗಲ್‌ಗೆ ಹೋಗಾನ. ಇಲ್ಲಿ ನಿನ್ನ ಕೇಳೋರ್ಯಾರವ್ರೆ?" ಅಂದರು. ನೀವು ಹೊರಟೇಬಿಟ್ರಿ.

ನಿಮ್ಮ ಯೂನಿಫಾರಂ ಇಸ್ತ್ರಿಯಾಗಿ ಇಲ್ಲೇ ಇದೆ. ಬೆಳಿಗ್ಗೆ ನಿಮ್ಮ ರೈಲು ಹೊರಡುವ ಮುಂಚೆ ನನ್ನ ತಮ್ಮ ಗಂಗಾಧರ್ ಸ್ಟೇಷನ್ನಿಗೆ ತಂದುಕೊಡುತ್ತಾನೆ.

"ಯಾವನನ್ನ" ಅಂದ ಆ ಮಾತನ್ನು ನಾನು ಮರೆಯುವುದಿಲ್ಲ. ಆದರೆ ಈ ಸಲ ಹಡಗು ಹತ್ತಿದರೆ ತಿಂಗಳುಗಟ್ಟಲೆ ಕಾಲ್ ಇರಲ್ಲ ಅಂತ ನೀವೇ ಹೇಳಿದ್ರಿ. ನನ್ನ ಜೊತೆ ಮಾತು ಬೇಡ. ಮಗುವನ್ನು ಎಬ್ಬಿಸಿ ಕೂರಿಸುತ್ತೇನೆ, ಅವಳ ಹೆಸರು ಹಿಡಿದು ಕರೆಯಿರಿ ಸಾಕು. ಬೆಳಗಾಗುವುದರೊಳಗೆ ಫೋನ್ ಮಾಡಿ ರೀ.

ಮಾನಸಾ